ಚಳಿಗಾಲಕ್ಕೆ ಮುಚ್ಚಿದ ಅರಮನೆ

ಎರಡನೆಯ ಟಯರನ್ನು ಮರಿ ಕ್ಲೀನರ್ ಸ್ಮಶಾನದ ಗೇಟಿನೊಳಗೆ ಉರುಳಿಸಿಕೊಂಡು ಬರುವಷ್ಟರಲ್ಲಿ ಮೊದಲನೆಯದು ಅರ್ಧ ಉರಿದು, ಅದರ ಕಪ್ಪು ಹೊಗೆ ಹಿಮದ ಮೇಲೆ ತೆವಳಿಕೊಂಡು ಬೇಲಿ ಮುಟ್ಟಿತ್ತು. ಗುಂಡಿ ತೋಡುವವನು ಹಾರೆಯನ್ನು ಬದಿಗಿಟ್ಟು, ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಬೆಳಿಗ್ಗೆಯಿಂದ ಅವನು ತೋಡಿದ್ದು ಮೊಣಕಾಲುದ್ದ ಮಾತ್ರ. ಅಲ್ಲಿಂದ ಕೆಳಗೆ ನೆಲ ಹೆಪ್ಪುಗಟ್ಟಿ, ಹಾರೆ ಹಾಕಿದರೆ ಠಣ್ ಎಂದು ತಿರುಗಿ ಬರುತ್ತಿತ್ತು.

"ಇದೇನೋ ಇದು, ನನ್ನ ತಮ್ಮನ ಗುಂಡೀಲಿ ಟಯರ್ ಸುಡ್ತಿದ್ದೀಯಾ?" ಎಂದು ಸತ್ತವನ ಅಕ್ಕ ಕೇಳಿದಳು. ಊರಿಗೆಲ್ಲ ಅವಳು ದೊಡ್ಡಕ್ಕ.

"ಸೌದೆಯೆಲ್ಲ ಹಸಿ, ದೊಡ್ಡಕ್ಕ. ಹತ್ತಿಕೊಳ್ಳಲ್ಲ. ಟಯರಾದ್ರೆ ನೆಲ ಚೆನ್ನಾಗಿ ಕಾಯುತ್ತೆ," ಎಂದ ಮರಿ. "ಅಣ್ಣ ಜೀವಮಾನ ಪೂರ್ತಿ ಟಯರ್ ಮೇಲೇ ಕಳೆದೋನು. ಬೇಜಾರು ಮಾಡ್ಕೊಳ್ಳಲ್ಲ ಬಿಡಿ."

ಮರಿ ಎಂಬುದು ಹೆಸರಿಗಷ್ಟೇ. ಅರವತ್ತು ದಾಟಿದೆ, ತಲೆ ಬೋಳು, ಮುಂದಿನ ಹಲ್ಲೆರಡು ಇಲ್ಲ. ಮೀಸೆ ಮೂಡುವ ಮೊದಲೇ ಟೂರಿಸ್ಟ್ ಬಸ್ಸಿಗೆ ಕ್ಲೀನರಾಗಿ ಬಂದಾಗ ಡ್ರೈವರ್ ಇಟ್ಟ ಹೆಸರು, ಹಾಗೇ ಉಳಿದುಬಿಟ್ಟಿತು. ಈಗ ಆ ಡ್ರೈವರೇ ಪೆಟ್ಟಿಗೆಯೊಳಗೆ ಮಲಗಿ, ನೆಲ ಕಾಯಲಿ ಎಂದು ಕಾಯುತ್ತಿದ್ದ.

ಪೆಟ್ಟಿಗೆ ಇದ್ದದ್ದು ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಬೀದಿಯವರು ಕಾಲು ಕುಟ್ಟುತ್ತ, ಬಾಯಿಂದ ಹಬೆ ಬಿಡುತ್ತ ಅದರ ಸುತ್ತ ನಿಂತಿದ್ದರು. ಸತ್ತವನ ಹೆಂಡತಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿಯೇ ಕೂದಲು ಹಣ್ಣಾಗಿಸಿಕೊಂಡವಳು. ಆದರೂ ಬೀದಿಗೆ ಅವಳು ಡ್ರೈವರಮ್ಮ. ಬೆಂಚಿನಲ್ಲಿ ಇನ್ನೂ ನಾಲ್ಕು ಜನ ಕೂರುವಷ್ಟು ಜಾಗವಿತ್ತು. ಯಾರೂ ಕೂರಲಿಲ್ಲ. ದೊಡ್ಡಕ್ಕನ ಬಾಯಿ ಬೆಳಿಗ್ಗೆಯಿಂದ ಸುಮ್ಮನಿರಲಿಲ್ಲವಲ್ಲ.

"ಹೋಗಿ ಹೋಗಿ ಈ ಚಳೀಲಿ! ನಾಯಿ ಕೂಡ ಮೂತಿ ಹೊರಗೆ ಹಾಕಲ್ಲ. ಅಂಥಾದ್ರಲ್ಲಿ ಎಪ್ಪತ್ತು ದಾಟಿದೋನನ್ನ ಎಳ್ಕೊಂಡು ಅರಮನೆ ನೋಡೋಕೆ ಹೋಗ್ತಾಳಂತೆ ಮಹಾರಾಣಿ. ಇವಳ ಆಸೆ ನನ್ನ ತಮ್ಮನ್ನ ತಿಂದು ಹಾಕ್ತು."

"ಅಕ್ಕ, ನಾನು..." ಎಂದಳು ಡ್ರೈವರಮ್ಮ.

"ನೀನು ಮಾತಾಡಬೇಡ. ಅರಮನೆ ತೋರ್ಸಿ, ಅರಮನೆ ತೋರ್ಸಿ ಅಂತ ಅವನ ಜೀವ ತಿಂದಿದ್ದು ಈ ಬೀದೀಲಿ ಯಾರಿಗೆ ಗೊತ್ತಿಲ್ಲ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಡ್ರೈವರಮ್ಮ ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದ ಮಗನನ್ನು ನೋಡಿದಳು. ಅವನು ಪಕ್ಕದ ಊರಿನಲ್ಲಿ ಕರೆಂಟಿನ ಲೈನ್‌ಮನ್. ಒಬ್ಬನೇ ಮಗ. ಅಪ್ಪ ತೀರಿಕೊಂಡ, ಅರಮನೆಯ ಊರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ಅವಳನ್ನು ಒಂದೇ ಪ್ರಶ್ನೆ ಕೇಳಿದ್ದ: ಈ ಚಳಿಯಲ್ಲಿ ಹೋಗೋಣ ಅಂದಿದ್ದು ಯಾರು? ನಿಮ್ಮಪ್ಪನೇ ಎಂದಿದ್ದಳು ಅವಳು. ಇದ್ದದ್ದನ್ನೇ ಹೇಳಿದ್ದಳು. ಅವನ ಮುಖ ಗಂಟಿಕ್ಕಿತು. "ಅಮ್ಮಾ, ಸತ್ತವರ ತಲೆಗೆ ಕಟ್ಟಬೇಡ. ಅಪ್ಪ ಮೂವತ್ತು ವರ್ಷ ಆ ಊರಿಗೆ ಬಸ್ ಓಡಿಸಿದಾರೆ. ಅಲ್ಲಿನ ಚಳಿ ಅಪ್ಪನಿಗೆ ಗೊತ್ತಿಲ್ವಾ? ಗೊತ್ತಿದ್ದೂ ಗೊತ್ತಿದ್ದೂ ಕರ್ಕೊಂಡು ಹೋಗ್ತಾರಾ?" ಅಲ್ಲಿಂದ ಇಲ್ಲಿಯವರೆಗೆ ಶವದ ಗಾಡಿಯಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರು. ಅವನು ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡಿದ್ದ.

ಗಂಡ ಹೋದ. ಇನ್ನು ಈ ಭೂಮಿಯ ಮೇಲೆ ಅವಳಿಗೆ ಬೇಕಾಗಿದ್ದು ಇಷ್ಟೇ: ಮಗ ತನ್ನ ಮಾತು ನಂಬಬೇಕು, ಮುಖ ನೋಡಿ ಅಮ್ಮ ಅನ್ನಬೇಕು.

"ಏನೇ ಹೇಳಿ, ಅಂಥ ಮಾತುಗಾರ ಇನ್ನು ಹುಟ್ಟಲ್ಲ," ಎಂದ ಬೀದಿಯ ಕ್ಷೌರಿಕ, ದೊಡ್ಡಕ್ಕನ ಮಾತು ತಿರುಗಿಸಲೆಂದೇ. "ನಾನು ಆ ಅರಮನೆ ಕಣ್ಣಲ್ಲಿ ಕಂಡಿಲ್ಲ. ಆದ್ರೂ ಯಾವ ಮೆಟ್ಟಿಲಲ್ಲಿ ಬಿರುಕಿದೆ ಹೇಳಬಲ್ಲೆ. ಕುರ್ಚೀಲಿ ಕೂತ ಅಂದ್ರೆ ಶುರು. ಅಲ್ಲಾಡಬೇಡವೋ ಮಾರಾಯ, ಕಿವಿ ಹೋಗುತ್ತೆ ಅಂದ್ರೂ ಕೈ ಎತ್ತಿ ಗೋಪುರ ತೋರಿಸೋನು."

ಒಂದಿಬ್ಬರು ನಕ್ಕರು. ಮಗನೂ ತುಸು ನಕ್ಕ. ನಗು ಹಾಗೇ ಅಳುವಾಗಿ, ಆಚೆ ತಿರುಗಿಕೊಂಡ.

*

ಮದುವೆಯಾದ ಹೊಸದರಲ್ಲಿ ಡ್ರೈವರ್ ತಿಂಗಳಿಗೆ ಐದಾರು ದಿನ ಮನೆಯಲ್ಲಿದ್ದರೆ ಹೆಚ್ಚು. ಡೀಸೆಲ್ ವಾಸನೆ ಹೊತ್ತು ಬರುತ್ತಿದ್ದ, ಉಂಡು ಅಡ್ಡಾಗುತ್ತಿದ್ದ, ಕತೆ ಶುರು ಮಾಡುತ್ತಿದ್ದ.

"ಅಲ್ಲೊಂದು ದುಂಡನೆ ಕೋಣೆ ಇದೆ ಕಣೇ. ಪಿಸುಮಾತಿನ ಕೋಣೆ ಅಂತಾರೆ. ಈ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ರೆ ಆ ಗೋಡೆಗೆ ಕಿವಿಯಿಟ್ಟೋರಿಗೆ ಮಾತ್ರ ಕೇಳುತ್ತೆ. ನಡುವೆ ನೂರು ಜನ ನಿಂತಿರಲಿ, ಊಹೂಂ. ರಾಜ ರಾಣಿಗೆ ಹಾಗೇ ಹೇಳ್ತಿದ್ದನಂತೆ."

"ಏನು ಹೇಳ್ತಿದ್ದ?"

"ಅದನ್ನ ರಾಣೀನೇ ಕೇಳ್ಬೇಕು."

"ನೀವು ನಂಗೇನು ಹೇಳ್ತೀರಿ?"

"ಅಲ್ಲಿಗೆ ಹೋದಾಗ ಹೇಳ್ತೀನಿ."

ಆ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಮೀಸೆಯ ಗಂಡಸು, ಎದುರಿಗೆ ಕೂರಿಸಿಕೊಂಡು ಒಂದು ಪ್ರೀತಿಯ ಮಾತು ಆಡಲು ಬಾರದವನು, ಅಷ್ಟು ದೂರ ಕರೆದುಕೊಂಡು ಹೋಗಿ ಗೋಡೆಗೆ ಬಾಯಿಟ್ಟು ಏನು ಹೇಳಿಯಾನು? ಆಸ್ಪತ್ರೆಯ ಬಿಳಿ ಬಟ್ಟೆಗಳ ಮೇಲೆ ಇಸ್ತ್ರಿಪೆಟ್ಟಿಗೆ ಎಳೆಯುತ್ತ ಅವಳು ಎಷ್ಟೋ ಸಲ ಅದನ್ನೇ ಯೋಚಿಸುತ್ತಿದ್ದಳು.

ಮಗ ಹುಟ್ಟಿದ ಮೇಲೆ ಕತೆ ಮಗನ ಪಾಲಾಯಿತು. ಬಸ್ಸಿನ ಹಳೆಯ ರಬ್ಬರ್ ಪೈಪೊಂದನ್ನು ತಂದು, ಒಂದು ತುದಿ ಮಗನ ಕಿವಿಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಪಕ್ಕದ ಕೋಣೆಗೆ ಹೋಗಿ ಪಿಸುಗುಡುತ್ತಿದ್ದ. ಮಗ ಕೇಕೆ ಹಾಕಿ ನಗುತ್ತಿದ್ದ. ಏನು ಹೇಳಿದ್ರೋ ನಿಮ್ಮಪ್ಪ ಎಂದರೆ, ಅದು ರಾಜನ ಗುಟ್ಟು, ಹೇಳಬಾರದು ಎನ್ನುತ್ತಿದ್ದ. ಊರೂರು ಸುತ್ತುವ ಅಪ್ಪನಿಂದ ಆ ಹುಡುಗನಿಗೆ ಸಿಕ್ಕಿದ್ದು ಅಷ್ಟೇ. ಆ ಅರಮನೆಯಷ್ಟೇ.

"ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ನನ್ನ ಕೈ ಹಿಡಿದೋಳು ಅರಮನೆ ನೋಡದೆ ಇರ್ತಾಳಾ?" ಎಂದು ನಗಿಸುತ್ತಿದ್ದ. ಆದರೆ ಕರೆದುಕೊಂಡು ಹೋಗುತ್ತಿರಲಿಲ್ಲ. ಮಗ ಚಿಕ್ಕವನು. ಮಗನ ಪರೀಕ್ಷೆ. ಬಸ್ಸಿನಲ್ಲಿ ಸೀಟಿಲ್ಲ. ಮಗನ ಮದುವೆ. ಸೊಂಟ ನೋವು. ದೀಪದ ಬುಡ ಕತ್ತಲೆ ಎಂದು ಅವಳು ಬೀದಿಯವರೆದುರೇ ಆಡಿಕೊಂಡಳು. ಕಡೆಗೆ ಈ ವರ್ಷ ಕ್ಷೌರಿಕನ ಅಂಗಡಿಯ ಮುಂದೆ ನಿಂತು, "ಈ ಸಲ ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ, ನೋಡ್ತಾ ಇರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದಳು.

ಅವನು ಕೆಲವು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೊಂದು ಬೆಳಿಗ್ಗೆ ಟೀ ಕುಡಿಯುತ್ತ ಅಂದ, "ಸರಿ ಕಣೇ. ಚಳಿಗಾಲದಲ್ಲಿ ಹೋಗೋಣ."

"ಚಳಿಗಾಲದಲ್ಲಾ? ಯಾರಾದ್ರೂ ಹೋಗ್ತಾರಾ?"

"ಅದಕ್ಕೇ ಮತ್ತೆ. ಜನ ಇರಲ್ಲ. ನಾವಿಬ್ಬರೇ ನಿಧಾನವಾಗಿ ನೋಡಬಹುದು."

*

ಮೂರನೆಯ ಟಯರಿಗೆ ಬೆಂಕಿ ಹಚ್ಚಿದರು. ಕ್ಷೌರಿಕನ ಮನೆಯಿಂದ ಟೀ ಬಂತು. ಮಗ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಲೋಟ ಕೊಡುತ್ತ ಬಂದ. ಅಮ್ಮನ ಎದುರೂ ತಟ್ಟೆ ನೀಡಿದ. ಅವಳು ಲೋಟ ತೆಗೆದುಕೊಂಡು, "ನೀನು ಕುಡಿದ್ಯಾ?" ಎಂದಳು. ಅವನು ಆಗಲೇ ದೊಡ್ಡಕ್ಕನ ಕಡೆಗೆ ಹೋಗಿದ್ದ.

"ಅತ್ತೆ, ಇವತ್ತು ನಮ್ಮ ಜೊತೆ ಬಂದ್ಬಿಡಿ. ನಾಲ್ಕು ದಿನ ಇದ್ದು ಹೋಗಿ," ಎಂದು ಅವನು ದೊಡ್ಡಕ್ಕನಿಗೆ ಹೇಳಿದ್ದು ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ಅಮ್ಮನನ್ನು ಕರೆಯಲಿಲ್ಲ ಎಂಬುದೂ ಎಲ್ಲರಿಗೂ ಕೇಳಿಸಿತು.

*

ಗಂಡ ಹೆಂಡತಿ ಹೋದಾಗ ಅರಮನೆಯ ಆ ಹಳೆಯ ಪಟ್ಟಣವೇ ಬಾಗಿಲು ಹಾಕಿಕೊಂಡಂತಿತ್ತು. ಬೊಂಬೆ ಅಂಗಡಿಗಳು, ಚಿತ್ರದ ಅಂಗಡಿಗಳು, ಎಲ್ಲದರ ಷಟರು ಇಳಿದು ಅಂಚಿಗೆ ಹಿಮ ಕೂತಿತ್ತು. ಲಾಡ್ಜಿನವನು ಇವರಿಬ್ಬರ ಮುಖವನ್ನೂ ಚೀಲವನ್ನೂ ಎರಡೆರಡು ಸಲ ನೋಡಿ ಬೀಗದ ಕೈ ಕೊಟ್ಟ.

ಅರಮನೆಯ ಹೆಬ್ಬಾಗಿಲಿಗೆ ಸರಪಳಿ. ಪಕ್ಕದ ಗೂಡಿನಲ್ಲಿ ಕೆಂಡದ ಬಾಣಲೆ ಮುಂದಿಟ್ಟುಕೊಂಡು ಕಾವಲುಗಾರ ಕೂತಿದ್ದ. "ಚಳಿಗಾಲದಲ್ಲಿ ತೆಗೆಯಲ್ಲ ಅಜ್ಜಿ. ಹಿಮ ಕರಗಿದ ಮೇಲೆ ಬನ್ನಿ."

"ಪ್ರತಿ ವರ್ಷಾನೂ ಹೀಗೇನಾ?"

"ನಮ್ಮ ತಾತನ ಕಾಲದಿಂದಲೂ ಹೀಗೇ."

ಅವಳು ಗಂಡನ ಕಡೆ ತಿರುಗಿದಳು. "ಅಲ್ರೀ, ಮೂವತ್ತು ವರ್ಷ ಬಂದಿದ್ದೀರಿ. ಇಷ್ಟೂ ಗೊತ್ತಿಲ್ವಾ?"

"ಮರೆತೇ ಹೋಗಿತ್ತು ಕಣೇ. ವಯಸ್ಸಾಯ್ತಲ್ಲ," ಎಂದ. ಅವನ ಮುಖದಲ್ಲಿ ಬೇಸರವಿರಲಿಲ್ಲ. ರಾತ್ರಿಯಿಡೀ ಘಾಟಿ ಇಳಿಸಿ, ಬಸ್ಸು ನಿಲ್ಲಿಸಿ, ಕೀಲಿ ತೆಗೆದುಕೊಂಡವನ ಮುಖ ಅದು. ಅದು ಅವಳಿಗೆ ಆಗ ಅರ್ಥವಾಗಲಿಲ್ಲ. ಅವಳಿಗೆ ಅಳು ಬಂತು. ಬೀದಿಯ ನಡುವೆ, ಕಾವಲುಗಾರನ ಎದುರಿಗೇ, ಚಿಕ್ಕ ಹುಡುಗಿಯಂತೆ ನಿಂತು ಅತ್ತಳು.

ಅವಳು ಅಳುತ್ತಾಳೆ ಎಂದು ಅವನು ಎಣಿಸಿರಲಿಲ್ಲವೇನೋ. ಕಕ್ಕಾಬಿಕ್ಕಿಯಾದ. "ಬಾ ಬಾ, ಹೊರಗಿಂದ ತೋರಿಸ್ತೀನಿ," ಎಂದು ಕೋಟೆಗೋಡೆಯ ಉದ್ದಕ್ಕೂ ನಡೆಸಿದ. ಹೊಳೆಯ ಕಡೆಯಿಂದ ಬೀಸುವ ಗಾಳಿ ಮೂಳೆಗೆ ಇಳಿಯುತ್ತಿತ್ತು. "ಅದೋ ಅಲ್ಲಿ, ಆ ಮೂಲೆ ಕಿಟಕಿ. ಅದೇ ಪಿಸುಮಾತಿನ ಕೋಣೆ." ಗೋಡೆ ಸುತ್ತಿ ಇನ್ನೊಂದು ಮಗ್ಗುಲಿಗೆ ಬಂದಾಗಲೂ ಒಂದು ಕಿಟಕಿ ತೋರಿಸಿ ಅದೇ ಮಾತು ಅಂದ.

"ಆಗಲೇ ಆ ಕಡೆ ಅಂದ್ರಿ?"

"ಅಲ್ಲಿಂದ ಇಲ್ಲೀವರೆಗೂ ಅದೇ. ದೊಡ್ಡ ಕೋಣೆ."

ಮರುದಿನ ಅವಳಿಗೆ ಎಚ್ಚರವಾದಾಗ ಪಕ್ಕದಲ್ಲಿ ಅವನಿರಲಿಲ್ಲ. ಹುಡುಕಿಕೊಂಡು ಹೋದರೆ ಹೆಬ್ಬಾಗಿಲ ಮುಂದೆ ಹಿಮದಲ್ಲಿ ಕೂತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ತುಟಿ ನೀಲಿಯಾಗಿತ್ತು.

"ಬೆಳಗಾಗೋಕೆ ಮುಂಚೆ ಬಂದ್ರು ಅಜ್ಜಿ," ಎಂದ ಕಾವಲುಗಾರ. "ಒಂದೇ ಒಂದು ಕೋಣೆ ತೆಗಿ ಅಂತ ಕಾಲು ಹಿಡೀತಾರೆ. ನನ್ನ ಹತ್ತಿರ ಕೀಲಿ ಇರಲ್ಲ, ಸಾಹೇಬರ ಹತ್ತಿರ ಇರುತ್ತೆ ಅಂದೆ. ಸಾಹೇಬರು ಬರೋವರೆಗೂ ಇಲ್ಲೇ ಕೂತಿರ್ತೀನಿ ಅಂತಾರೆ. ಗೂಡಿನೊಳಗೆ ಬನ್ನಿ ಅಂದ್ರೂ ಕೇಳ್ತಿಲ್ಲ."

ಸಾಹೇಬರು ಬರಲಿಲ್ಲ. ಅವನಿಗೆ ಸಂಜೆ ಜ್ವರ ಬಂತು, ಎರಡನೆಯ ದಿನ ಎದೆ ಕಟ್ಟಿತು. ಮಗ ಆಸ್ಪತ್ರೆಗೆ ಓಡಿ ಬಂದಾಗ ಅವನಿಗೆ ಪ್ರಜ್ಞೆಯಿರಲಿಲ್ಲ. ಅರಮನೆ ಮುಚ್ಚಿತ್ತು ಎಂಬ ಮಾತು ಎತ್ತುವಷ್ಟು ಯಾರಿಗೂ ಹೊತ್ತಿರಲಿಲ್ಲ.

*

ಶೆಡ್ಡಿನಲ್ಲಿ ಕೂರಲಾಗದೆ ಡ್ರೈವರಮ್ಮ ಎದ್ದು ಗುಂಡಿಯ ಹತ್ತಿರ ಹೋದಳು. ಮರಿ ಒಬ್ಬನೇ ಸರಳಿನಿಂದ ಟಯರ್ ಕೆದಕುತ್ತಿದ್ದ.

"ಮರಿ, ಅಲ್ಲಿ ಚಳಿಗಾಲದಲ್ಲಿ ಅರಮನೆ ಬಾಗಿಲು ಹಾಕ್ತಾರೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು ಅತ್ತಿಗೆ? ಹಿಮ ಬಿತ್ತು ಅಂದ್ರೆ ನಮಗೆ ಆ ಕಡೆ ಟ್ರಿಪ್ಪೇ ಇರ್ತಿರಲಿಲ್ಲ."

"ಮತ್ತೆ ಅವರು ಮರೆತೆ ಅಂದ್ರಲ್ಲೋ."

ಮರಿ ಸರಳನ್ನು ಕೆಳಗಿಟ್ಟ. "ಮರೆತಿರಲಿಲ್ಲ ಅತ್ತಿಗೆ. ಹೋದ ತಿಂಗಳು ಫೋನ್ ಮಾಡಿದ್ದ. ಈಗಲೂ ಚಳಿಗಾಲದಲ್ಲಿ ಹಾಕ್ತಾರಾ, ಇಲ್ಲ ಈಚೆಗೆ ತೆಗೀತಾರಾ, ವಿಚಾರಿಸಿ ಹೇಳು ಅಂದ. ಹಾಕ್ತಾರೆ ಅಂದೆ. ಸದ್ಯ ಅಂದ."

"ಸದ್ಯ ಅಂದ್ರಾ?"

"ಅಣ್ಣ ಒಳಗೆ ಹೋದೋನೇ ಅಲ್ಲ. ಒಂದು ಸಲಾನೂ." ಮರಿಯ ಕಣ್ಣಲ್ಲಿ ನೀರು ಬಂದದ್ದು ಹೊಗೆಗೋ ಏನೋ. "ರಾತ್ರಿಯೆಲ್ಲ ಓಡಿಸ್ಕೊಂಡು ಬಂದು, ಮತ್ತೆ ರಾತ್ರಿಯೆಲ್ಲ ವಾಪಸ್ ಓಡಿಸಬೇಕು. ಹಗಲು ಕಣ್ಣು ಮುಚ್ಚದಿದ್ರೆ ಅಷ್ಟೂ ಜನರ ಜೀವ ಏನಾಗಬೇಕು? ಜನ ಇಳಿದ ಕೂಡಲೇ ಹಿಂದಿನ ಸೀಟಲ್ಲಿ ಮುಖಕ್ಕೆ ಟವೆಲ್ ಹಾಕ್ಕೊಂಡು ಮಲಗಿಬಿಡೋನು. ಸಂಜೆ ಜನ ಹತ್ತಿದ ಮೇಲೆ ಮುಂದಿನ ಸೀಟಿನೋರನ್ನ ಕೇಳೋನು, ಏನೇನು ನೋಡಿದ್ರಿ ಅಂತ. ಅವರು ಹೇಳಿದ್ದೇ ಅಣ್ಣನ ಅರಮನೆ. ನಿಮಗೆ ಏನೋ ಒಂದು ಸಲ ನೋಡಿದೋನ ಹಾಗೆ ಹೇಳಿಬಿಟ್ಟಿದ್ದನಂತೆ. ಆಮೇಲೆ ಮಗ, ಆಮೇಲೆ ಬೀದಿ. ಆಡಿದ ಮಾತು ವಾಪಸ್ ತಗೊಳ್ಳೋಕೆ ಆಗಲಿಲ್ಲ. ನಿಮ್ಮನ್ನ ಒಳಗೆ ಕರ್ಕೊಂಡು ಹೋದ್ರೆ ದಾರಿ ಗೊತ್ತಿಲ್ಲದೆ ಸಿಕ್ಕಿಬೀಳ್ತೀನಿ ಅಂತ ಹೆದರಿಕೆ."

ಅವಳಿಗೆ ಮೊದಲು ಬಂದದ್ದು ಕೋಪ. "ಅಯ್ಯೋ ಪುಣ್ಯಾತ್ಮಾ!" ಎಂದು ಗುಂಡಿಯ ಅಂಚಿನಲ್ಲೇ ಕುಸಿದು ಕೂತಳು. "ಹೇಳಿದ್ರೆ ಏನಾಗ್ತಿತ್ತೋ ಮರಿ? ಇಬ್ಬರೂ ಮೊದಲನೇ ಸಲ ನೋಡಬಹುದಿತ್ತಲ್ಲೋ."

ಮರಿ ಅವಳ ರಟ್ಟೆ ಹಿಡಿದು ಎಬ್ಬಿಸಿದ. "ನಡೀರಿ ಅತ್ತಿಗೆ. ಅವರೆಲ್ಲ ನಿಮ್ಮ ಮೇಲೆ ಗೂಬೆ ಕೂರಿಸ್ತಿದಾರೆ. ಹುಡುಗನಿಗೆ ನಾನು ಹೇಳ್ತೀನಿ. ನಾನು ಹೇಳಿದ್ರೆ ನಂಬ್ತಾನೆ."

"ಹೇಳಪ್ಪ," ಎಂದಳು. "ಪುಣ್ಯ ಬರುತ್ತೆ, ಹೇಳು." ಮಗ ಬಂದು ಪಕ್ಕದಲ್ಲಿ ಕೂರುತ್ತಾನೆ, ತಪ್ಪಾಯ್ತಮ್ಮ ಅನ್ನುತ್ತಾನೆ ಎಂದು ನೆನೆದೇ ಅವಳ ಕಾಲಿಗೆ ಬಲ ಬಂತು. ಮರಿಗಿಂತ ಮುಂದೆ ನಡೆದು ಶೆಡ್ಡಿನ ಬಾಗಿಲಿಗೆ ಬಂದಳು.

ಜನ ಟೀ ಲೋಟ ಇಡಲು ಹೊರಗೆ ಹೋಗಿದ್ದರು. ಮಗ ಒಬ್ಬನೇ ಪೆಟ್ಟಿಗೆಯ ತಲೆಯ ಕಡೆ ಮಂಡಿಯೂರಿದ್ದ. ಕಂಬ ಹತ್ತುವ ಆ ದಪ್ಪ ಕೈಗಳನ್ನು ಬಾಯಿಯ ಸುತ್ತ ಬಟ್ಟಲು ಮಾಡಿ, ಹಲಗೆಗೆ ತಾಗಿಸಿಕೊಂಡು, ಒಳಗೆ ಏನೋ ಪಿಸುಗುಟ್ಟುತ್ತಿದ್ದ. ಹೇಳುವುದು, ತಡೆಯುವುದು, ಮತ್ತೆ ಹೇಳುವುದು.

ಡ್ರೈವರಮ್ಮ ಬಾಗಿಲಲ್ಲೇ ನಿಂತಳು. ರಬ್ಬರ್ ಪೈಪಿನ ತುದಿ ಕಿವಿಗಿಟ್ಟುಕೊಂಡು ನಗುತ್ತಿದ್ದ ಹುಡುಗ ಅವಳ ಕಣ್ಣೆದುರು ಬಂದ.

ಹೆಜ್ಜೆಯ ಸದ್ದಿಗೆ ಅವನು ತಲೆ ಎತ್ತಿದ. ಅವಳನ್ನು ದಾಟಿ ಹಿಂದೆ ನಿಂತ ಮರಿಯನ್ನು ನೋಡಿದ. ಹೊರಗಿದ್ದವರೂ ಒಬ್ಬೊಬ್ಬರಾಗಿ ಒಳಗೆ ಬಂದರು.

"ಮರಿ ಮಾವ, ನೀನಾದ್ರೂ ಹೇಳು. ನೀನು ಅಪ್ಪನ ಜೊತೇಲೇ ಇದ್ದೋನು. ಆ ಊರಿಗೆ ಚಳಿಗಾಲದಲ್ಲಿ ಹೋಗೋಣ ಅಂತ ಅಪ್ಪ ಅಂದಿರ್ತಾರಾ? ಹೌದು ಅನ್ನು, ನಾನು ಇಲ್ಲೇ ಅಮ್ಮನ ಕಾಲು ಹಿಡೀತೀನಿ."

"ಅದೇನಪ್ಪ ಅಂದ್ರೆ," ಎಂದು ಮರಿ ಗಂಟಲು ಸರಿಮಾಡಿಕೊಂಡ, "ನಿಮ್ಮಪ್ಪ..."

"ಅವನನ್ನೇನು ಕೇಳ್ತೀಯ?" ಎಂದಳು ಡ್ರೈವರಮ್ಮ. ಧ್ವನಿ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂತು. "ನಾನೇ ಹಟ ಹಿಡಿದೆ. ನಿಮ್ಮಪ್ಪ ಬೇಡ ಅಂದ್ರು. ಚಳಿ ತಡೆಯೋಕಾಗಲ್ಲ, ಹಿಮ ಕರಗಲಿ ಅಂದ್ರು. ನಾನು ಕೇಳಲಿಲ್ಲ."

"ಅತ್ತಿಗೆ!" ಎಂದ ಮರಿ.

"ನೀನು ಸುಮ್ಮನಿರು ಮರಿ. ನಿನ್ನ ದಮ್ಮಯ್ಯ."

"ಕೇಳಿದ್ರಾ? ಅವಳ ಬಾಯಿಂದಲೇ ಬಂತು," ಎಂದಳು ದೊಡ್ಡಕ್ಕ.

ಮಗ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಅಷ್ಟರಲ್ಲಿ ಗುಂಡಿ ತೋಡುವವನು ಬಂದು, ಇಷ್ಟು ಆಳ ಸಾಕು, ಇನ್ನು ತಡ ಮಾಡಿದರೆ ಮತ್ತೆ ಹೆಪ್ಪುಗಟ್ಟುತ್ತದೆ ಎಂದ. ಪೆಟ್ಟಿಗೆ ಎತ್ತಿದರು. ಟಯರಿನ ತಂತಿಗಳನ್ನು ಗುದ್ದಲಿಯಿಂದ ಎಳೆದು ಹಾಕಿ, ಮಸಿಯಾಗಿದ್ದ ಗುಂಡಿಗೆ ಅವನನ್ನು ಇಳಿಸಿದರು. 

ಮಣ್ಣು ಮುಚ್ಚಿದ ಮೇಲೆ ಮಗ ಮೊದಲ ಸಲ ಅವಳ ಮುಖ ನೋಡಿದ.

"ನೋಡಿದ್ರಾ ಆದ್ರೂ? ಅಷ್ಟು ಮಾಡಿ?"

"ನೋಡಿದೆವು."

"ಪಿಸುಮಾತಿನ ಕೋಣೆ? ಅಪ್ಪ ಹೇಳ್ತಿದ್ದ ಹಾಗೇ ಇತ್ತಾ?"

"ಹಾಗೇ ಇತ್ತಪ್ಪ. ಒಂದಿಷ್ಟೂ ಹೆಚ್ಚು ಕಮ್ಮಿ ಇಲ್ಲ."

ಅವನು ಎರಡು ಸಲ ತಲೆಯಾಡಿಸಿದ. ಕಣ್ಣು ತುಂಬಿತ್ತು, ಆದರೆ ಆ ಕಣ್ಣೀರು ಅವಳಿಗಾಗಿ ಅಲ್ಲ. "ಸರಿ. ನಿನ್ನ ಆಸೆ ತೀರಿತಲ್ಲ, ಸಾಕು," ಎಂದು, ದೊಡ್ಡಕ್ಕನ ಕೈ ಹಿಡಿದು, "ನಡೀರಿ ಅತ್ತೆ, ಜಾರುತ್ತೆ, ಹುಷಾರು," ಎನ್ನುತ್ತ ಗೇಟಿನ ಕಡೆ ಹೊರಟ. ಮರಿ ಒಂದು ಹೆಜ್ಜೆ ಅವನ ಹಿಂದೆ ಹೋದವನು, ಡ್ರೈವರಮ್ಮನ ಮುಖ ನೋಡಿ ನಿಂತುಕೊಂಡ.

ಬೀದಿಯವರು ಅವಳ ಹತ್ತಿರ ಸರಿದರು. ತಪ್ಪು ಒಪ್ಪಿಕೊಂಡವರ ಹತ್ತಿರ ಹೋಗಲು ಜನಕ್ಕೆ ಭಯವಿರುವುದಿಲ್ಲ.

"ಹೋಗ್ಲಿ ಬಿಡಿ ಡ್ರೈವರಮ್ಮ, ಆದದ್ದಾಯ್ತು," ಎಂದ ಕ್ಷೌರಿಕ, ಮೂಗು ಒರೆಸಿಕೊಳ್ಳುತ್ತ. "ಕಡೆಗೂ ತೋರಿಸಿಯೇ ಹೋದ ಪುಣ್ಯಾತ್ಮ. ಆ ಕೋಣೇಲಿ ನಿಜವಾಗ್ಲೂ ಕೇಳುತ್ತಾ? ಹೇಗೆ ನಿಂತ್ಕೋಬೇಕು?"

"ಹೀಗೆ," ಎಂದಳು ಡ್ರೈವರಮ್ಮ.

ಸ್ಮಶಾನದ ಕಲ್ಲುಗೋಡೆಯ ಹತ್ತಿರ ಹೋದಳು. ತಲೆಯ ಮೇಲಿನ ಬಟ್ಟೆ ಸರಿಸಿ, ಹಿಮ ಅಂಟಿದ್ದ ಕಲ್ಲಿಗೆ ಕಿವಿಯಿಟ್ಟಳು.

"ಏನಂದ?" ಎಂದ ಕ್ಷೌರಿಕ ಮೆಲ್ಲಗೆ.

ಎಲ್ಲರೂ ಒಂದು ಹೆಜ್ಜೆ ಹತ್ತಿರ ಬಂದರು. ಆಚೆ ರಸ್ತೆಯಲ್ಲಿ ಮಗನ ಗಾಡಿ ಸ್ಟಾರ್ಟ್ ಆಯಿತು, ದಿಬ್ಬ ಹತ್ತಿತು, ಸದ್ದು ಸಣ್ಣದಾಗುತ್ತ ನಿಂತಿತು. ಅವಳು ಗೋಡೆಯಿಂದ ಕಿವಿ ತೆಗೆಯಲಿಲ್ಲ.